ಹೇಳುವುದನ್ನು ಗಲ್ಲೆಯ ಮುಂದೆಯೇ ಹೇಳಿ

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾ ಮುಟ್ಟುವವರೆಗೆ ಹೆದ್ದಾರಿ 66ರ ದಾರಿ ಸುಮಾರು 60 ಕಿಲೋಮೀಟರ್. ಈ ದಾರಿಯ ಎರಡೂ ಬದಿಗೆ, ಮುರ್ಡೇಶ್ವರದ ದೇವಸ್ಥಾನಕ್ಕೆ ತಿರುಗುವಲ್ಲಿ, ಕಾಸರಕೋಡಿನ ಕಡಲ ಹತ್ತಿರ, ಅತ್ತ ಗೋಕರ್ಣದ ಬೀದಿಗಳಲ್ಲಿ ಎಷ್ಟೋ ಸಣ್ಣ ಹೋಟೆಲುಗಳಿವೆ. ಹೆಚ್ಚಿನವು ಮನೆಮಂದಿಯೇ ನಡೆಸುವಂಥವು. ಒಲೆಯ ಮುಂದೆ ತಾಯಿ ಅಥವಾ ಹೆಂಡತಿ, ಗಲ್ಲೆಯಲ್ಲಿ ಯಜಮಾನ, ಬಡಿಸಲು ಕಾಲೇಜಿಗೆ ಹೋಗುವ ಮಗ. ಇವುಗಳ ಬಗ್ಗೆ ಕೇಳಿಬರುವ ಹೊಗಳಿಕೆಯೂ ಒಂದೇ, ದೂರೂ ಒಂದೇ. ಊಟ ಚೆನ್ನಾಗಿತ್ತು, ಆದರೆ ವಿಚಾರಿಸುವವರೇ ಇರಲಿಲ್ಲ.

ದೂರು ಸುಳ್ಳಲ್ಲ. ಕೂತು ಕಾಲು ಗಂಟೆಯಾದರೂ ಮೇಜಿಗೆ ನೀರು ಬರುವುದಿಲ್ಲ. ಬೋರ್ಡಿನಲ್ಲಿ ಕಾಣೆ ಇದೆ, ಶೆಟ್ಲಿ ಇದೆ. ಕೇಳಿದರೆ ಬಂಗಡೆ ಮಾತ್ರ. ನಿಮ್ಮ ನಂತರ ಬಂದವರು ಗಲ್ಲೆಯವರ ಪರಿಚಯದವರಾದರೆ ಅವರ ತಟ್ಟೆ ಮೊದಲು ಹೋಗುತ್ತದೆ. ಫ್ರೈ ಮಾಡಿದ ಮೀನಿನ ದರ ಎಲ್ಲಿಯೂ ಬರೆದಿರುವುದಿಲ್ಲ, ಬಿಲ್ಲು ಬಂದಾಗಲೇ ಗೊತ್ತಾಗುತ್ತದೆ. ಎರಡನೇ ಸಲ ಸಾರು ಕೇಳಿದರೆ ಬಡಿಸುವವರ ಮುಖ ಗಂಟಾಗುತ್ತದೆ. ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಇದು ಬೇಸರ ತರುತ್ತದೆ. ತರಲೇಬೇಕು.

ಆದರೂ ಅಡುಗೆಮನೆಯ ಕಡೆಗೆ ಒಮ್ಮೆ ನೋಡೋಣ. ಭಟ್ಕಳದ ನವಾಯತರಲ್ಲಿ ಅಕ್ಕಿಯ ಬದಲು ಶ್ಯಾವಿಗೆ ಹಾಕಿ ಮಾಡುವ ಬಿರಿಯಾನಿ ಇದೆ. ಹೊನ್ನಾವರ, ಕುಮಟಾದ ಮನೆಗಳಲ್ಲಿ ಒತ್ತುಶ್ಯಾವಿಗೆ, ಜೊತೆಗೆ ಬೆಲ್ಲ ಹಾಕಿದ ಕಾಯಿಹಾಲು. ಎರಡೂ ಹೊತ್ತು ಬೇಡುವ ಅಡುಗೆಗಳು. ಬೆಂದ ಹಿಟ್ಟನ್ನು ಬಿಸಿಯಿರುವಾಗಲೇ ಒತ್ತಬೇಕು, ಆರಿದರೆ ಬಿಗಿಯುತ್ತದೆ. ಒಬ್ಬರು ಒತ್ತುವಾಗ ಇನ್ನೊಬ್ಬರು ಎಳೆಯನ್ನು ಹಿಡಿದುಕೊಳ್ಳಬೇಕು. ಆ ಹೊತ್ತಿಗೆ ಹೊರಗಿನಿಂದ ಯಾರೋ ಕೂಗಿದರೆ ಓಗೊಡುವುದು ಯಾರು? ನಾವು ಹುಡುಕಿಕೊಂಡು ಬರುವುದು ಮನೆಯ ರುಚಿಯನ್ನು. ಅದು ಬರುವುದು ಇದೇ ಎರಡು ಜೊತೆ ಕೈಗಳಿಂದ. ಮೇಜಿಗೆ ಬರಬೇಕಾದ ಕೈಗಳೂ ಅವೇ.

ಇದು ನಮ್ಮ ಕರಾವಳಿಯದೊಂದೇ ಕಥೆಯಲ್ಲ. ಕಾಂಬೋಡಿಯದವರು ಬೆಳಗಿನ ತಿಂಡಿಗೆ ಅಕ್ಕಿ ಶ್ಯಾವಿಗೆಯ ಮೇಲೆ ಮೀನಿನ ರಸ ಹಾಕಿಕೊಂಡು ತಿನ್ನುತ್ತಾರೆ. ಅದಕ್ಕೆ ನುಮ್ ಬಾನ್ ಚೋಕ್ ಎನ್ನುತ್ತಾರೆ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಡಳಿತದಿಂದ ತಪ್ಪಿಸಿಕೊಂಡ ಬಹಳ ಕುಟುಂಬಗಳು ಅಮೆರಿಕದ ಲಾಂಗ್ ಬೀಚ್ ನಗರದಲ್ಲಿ ನೆಲೆಸಿದವು. ಕೆಲವರು ಶ್ಯಾವಿಗೆಯ ಹೋಟೆಲು ಇಟ್ಟರು. ತಂದೆತಾಯಿ ಒಲೆಯ ಮುಂದೆ, ಹೊಸ ಭಾಷೆ ಕಲಿಯುತ್ತಿರುವ ಮಕ್ಕಳು ಗಿರಾಕಿಯ ಮುಂದೆ. ಸಂಸಾರವೇ ಸಿಬ್ಬಂದಿಯಾದಾಗ ಎಲ್ಲ ಕಡೆ ಮೊದಲು ಸೊರಗುವುದು ಉಪಚಾರ.

ನಮ್ಮಲ್ಲಿ ಇದಕ್ಕೆ ಮಳೆಗಾಲವೂ ಸೇರಿಕೊಳ್ಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತಂದಷ್ಟೇ ಮೀನು. ಅದರ ದರ ಹೋಟೆಲಿನವರಿಗೆ ನಿಲುಕುವಂಥದ್ದಲ್ಲ. ಆಗ ಪ್ರವಾಸಿಗರೂ ಕಡಿಮೆ. ಶ್ರಾವಣ ಬಂದರೆ ಊರವರಲ್ಲೇ ಅನೇಕರು ಮೀನು ಬಿಡುತ್ತಾರೆ. ಇಷ್ಟು ತಿಂಗಳು ಗಲ್ಲೆ ಖಾಲಿಯಾದರೆ ಸಪ್ಲೈಯರನಿಗೆ ಸಂಬಳ ಕೊಟ್ಟು ಉಳಿಸಿಕೊಳ್ಳುವುದು ಹೇಗೆ? ಸೀಸನ್ನು ಶುರುವಾದಾಗ ಹೊಸಬನನ್ನು ತರುತ್ತಾರೆ. ಅವನು ಒಡಿಶಾದವನೋ ಉತ್ತರ ಪ್ರದೇಶದವನೋ ಆಗಿರುತ್ತಾನೆ. ಕನ್ನಡವೂ ಬಾರದು, ಕೊಂಕಣಿಯೂ ಬಾರದು. ತಂಬುಳಿ ಯಾವುದು, ಮುರುಗಲು ಸಾರು ಯಾವುದು ಎಂದು ಅವನಿಗೆ ತಿಳಿಯುವಷ್ಟರಲ್ಲಿ ಮತ್ತೆ ಮಳೆ ಹಿಡಿಯುತ್ತದೆ. ಓದು ಮುಗಿಸಿದ ಮನೆಯ ಮಕ್ಕಳಾದರೂ ಎಲ್ಲಿದ್ದಾರೆ? ಭಟ್ಕಳದಿಂದ ಕೊಲ್ಲಿ ದೇಶಗಳಿಗೆ, ಕುಮಟಾ ಹೊನ್ನಾವರದಿಂದ ಬೆಂಗಳೂರಿಗೆ ಹೋಗಿದ್ದಾರೆ.

ಸೀಸನ್ನಿನಲ್ಲಿ ಮಾತ್ರ ಜನ ಒಮ್ಮೆಲೇ ಬರುತ್ತಾರೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಮೇಲೆ ಈ ಮೂರು ಊರು ಹೊರಗಿನವರಿಗೆ ಹತ್ತಿರವಾದವು. ಈಗ ಬೆಂಗಳೂರಿನಲ್ಲಿ ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಇಲ್ಲಿ ಇಳಿಯಬಹುದು. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಇಪ್ಪತ್ತು ಜನ ಕೂರುವ ಜಾಗಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಐವತ್ತು ಮಕ್ಕಳು ಇಳಿದರೆ ಆ ಮನೆಯವರು ಏನು ಮಾಡಬೇಕು ಹೇಳಿ.

ಈ ಹೋಟೆಲುಗಳು ನಿಂತಿರುವ ನೆಲವೂ ಗಟ್ಟಿಯಲ್ಲ. ಹೆದ್ದಾರಿ ಅಗಲವಾಗುವಾಗ ಎಷ್ಟೋ ಅಂಗಡಿಗಳು ಮುಂಭಾಗ ಕಳೆದುಕೊಂಡವು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ದಾರಿಬದಿಯ ಒಂದು ಚಹಾದಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಮಣ್ಣಿನಡಿ ಹೋದವು. ಲಾರಿ ಚಾಲಕರು ಅಲ್ಲಿ ಗಾಡಿ ನಿಲ್ಲಿಸುತ್ತಿದ್ದದ್ದು ಒಂದು ಲೋಟ ಚಹಾಕ್ಕೆ. ಹೆದ್ದಾರಿಯಲ್ಲಿ ಹೋಗುವ ಸಾವಿರಾರು ಜನರ ಹೊಟ್ಟೆ ನೋಡಿಕೊಳ್ಳುವವರು ಇಂಥವರೇ.

ಇವೆಲ್ಲ ಕಾರಣಗಳು. ಕಾರಣ ಕೇಳಿದ ಮಾತ್ರಕ್ಕೆ ಹಸಿವು ತಣಿಯುವುದಿಲ್ಲ, ಅದೂ ನಿಜ. ಹಾಗಾಗಿ, ಓದುಗರೇ, ಇನ್ನು ನಿಮ್ಮೊಡನೆಯೇ ನೇರವಾಗಿ ಮಾತಾಡುತ್ತೇನೆ.

ನಿಮ್ಮಲ್ಲಿ ಮೊದಲ ಮನವಿ ಇಷ್ಟೇ. ಸರಿಯಾಗದ್ದನ್ನು ಅಲ್ಲಿಯೇ, ಗಲ್ಲೆಯ ಮುಂದೆ ಹೇಳಿ. ನಮ್ಮ ಕಡೆಯವರಿಗೆ ಇದು ಕಷ್ಟ. ಊಟ ಹೇಗಾಯಿತು ಎಂದು ಕೇಳಿದರೆ ಅಡ್ಡಿಲ್ಲ ಎಂದು ಹೇಳಿ ಎದ್ದು ಬರುತ್ತೇವೆ. ಹೊರಗೆ ಬಂದು ಹತ್ತು ಜನರಿಗೆ ಹೇಳುತ್ತೇವೆ. ಹೋಟೆಲಿನವರಿಗೆ ಮಾತ್ರ ಹೇಳುವುದಿಲ್ಲ. ಒಂದು ಮೇಜಿನವರು ಅರ್ಧ ಗಂಟೆ ಕಾದರು ಎಂಬುದು ಒಳಗಿರುವ ತಾಯಿಗೆ ಗೊತ್ತೇ ಇರುವುದಿಲ್ಲ. ಗಿರಾಕಿ ಕಡಿಮೆಯಾದಾಗ ಅವರು ರಸ್ತೆಯನ್ನು ಬೈಯುತ್ತಾರೆ, ಮೀನಿನ ದರವನ್ನು ಬೈಯುತ್ತಾರೆ. ನಿಜವಾದ ಕಾರಣ ಅವರ ಕಿವಿಗೆ ಬೀಳುವುದೇ ಇಲ್ಲ.

ಹೇಳುವುದಕ್ಕೂ ಒಂದು ಹೊತ್ತಿದೆ. ಎಲ್ಲರ ಎದುರು, ಹುಡುಗನ ಮೇಲೆ ದನಿ ಎತ್ತಿ ಹೇಳಿದರೆ ಉತ್ತರವೂ ಅದೇ ದನಿಯಲ್ಲಿ ಬರುತ್ತದೆ. ಬಿಲ್ಲು ಕೊಡುವಾಗ ಒಂದು ನಿಮಿಷ ನಿಲ್ಲಿ. ನಾಯ್ಕರೇ, ಶೇಟರೇ, ಭಾಯ್, ಅಕ್ಕಾ, ನಿಮಗೆ ಹೇಗೆ ಸರಿಯೆನಿಸುತ್ತದೋ ಹಾಗೆ ಕರೆಯಿರಿ. “ಸಾರು ಬಹಳ ಚೆನ್ನಾಗಿತ್ತು, ಆದರೆ ತುಂಬ ಹೊತ್ತು ಕಾಯಬೇಕಾಯಿತು, ತಡ ಎಂದು ಮೊದಲೇ ಹೇಳಿದ್ದರೆ ಮಗುವಿಗೆ ಬಾಳೆಹಣ್ಣಾದರೂ ಕೊಡುತ್ತಿದ್ದೆವು” ಎನ್ನಿ. ಇಷ್ಟು ಹೇಳಿದರೆ ಮುನಿಸಿಕೊಳ್ಳುವ ಯಜಮಾನರು ಕಡಿಮೆ. ಒಬ್ಬಿಬ್ಬರು ಮುನಿಸಿಕೊಂಡರೂ ರಾತ್ರಿ ಗಲ್ಲೆ ಮುಚ್ಚಿದ ಮೇಲೆ ಆ ಮಾತು ಮನೆಯಲ್ಲಿ ಚರ್ಚೆಗೆ ಬರುತ್ತದೆ. ಮನೆಮಂದಿ ನಡೆಸುವ ಹೋಟೆಲಿನ ದೊಡ್ಡ ಅನುಕೂಲ ಇದೇ. ದೂರು ಮೇಲಿನವರಿಗೆ ತಲುಪಲು ಯಾವ ಮೆಟ್ಟಿಲೂ ಹತ್ತಬೇಕಾಗಿಲ್ಲ.

ಬಡಿಸುವ ಹುಡುಗ ಹೊರ ರಾಜ್ಯದವನಾದರೆ ಇನ್ನಷ್ಟು ತಾಳ್ಮೆ ಇರಲಿ. ನಿಧಾನವಾಗಿ, ಬೆರಳು ಮಾಡಿ ತೋರಿಸಿ ಹೇಳಿ. ಹೆಸರು ಕೇಳಿ. ಎರಡು ಕನ್ನಡ ಪದ ಕಲಿಸಿ ಬಂದರೂ ನಷ್ಟವಿಲ್ಲ, ಮುಂದಿನ ಗಿರಾಕಿಗೆ ಉಪಕಾರವಾಗುತ್ತದೆ.

ಗುಂಪಾಗಿ ಹೊರಟಿದ್ದರೆ ಒಂದು ಫೋನು ಮಾಡಿ. ಎಂಟು ಹತ್ತು ಜನ ಎಂದು ಮುಂಚಿತವಾಗಿ ತಿಳಿದರೆ ಅವರು ಅಕ್ಕಿ ಇಡುತ್ತಾರೆ, ಮೀನು ತೆಗೆದಿಡುತ್ತಾರೆ. ಹೇಳಿ ಬಾರದೇ ಹೋಗುವುದು ಮಾತ್ರ ಬೇಡ. ದೊಡ್ಡ ಹೋಟೆಲಿಗೆ ಅದು ಲೆಕ್ಕಕ್ಕಿಲ್ಲ. ಇವರಿಗೆ ಆ ದಿನದ ಲಾಭವೇ ಹೋದಂತೆ. ಸಾಧ್ಯವಾದರೆ ಹನ್ನೆರಡೂವರೆಗೇ ಹೋಗಿ. ಮೀನೂ ಆಯ್ಕೆಗೆ ಸಿಗುತ್ತದೆ, ಮಾತೂ ಸಿಗುತ್ತದೆ.

ಮೊಬೈಲಿನಲ್ಲಿ ನಕ್ಷತ್ರ ಕೊಡುವ ಅಭ್ಯಾಸ ಈಗ ಎಲ್ಲರಿಗೂ ಇದೆ. ಕೊಡಿ, ಅದು ನಿಮ್ಮ ಹಕ್ಕು. ಬರೆಯುವಾಗ ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೇಳಿದಿರಿ, ಏನಾಯಿತು ಎಂದು ಬರೆಯಿರಿ. ಚೆನ್ನಾಗಿದ್ದದ್ದನ್ನೂ ಅದೇ ಉಸಿರಿನಲ್ಲಿ ಬರೆಯಿರಿ. ಒಂದು ಮಾತು ಭಟ್ಕಳದ ವಿಷಯದಲ್ಲಿ ವಿಶೇಷವಾಗಿ ಹೇಳಬೇಕು. ಒಂದು ತಟ್ಟೆ ತಡವಾಗಿ ಬಂದದ್ದನ್ನು ಒಂದು ಊರಿನ ಗುಣವೆಂದೋ ಒಂದು ಜನದ ಗುಣವೆಂದೋ ದಯವಿಟ್ಟು ಬರೆಯಬೇಡಿ. ಬರೆದದ್ದನ್ನು ಕಂಡರೆ ಮುಂದಕ್ಕೆ ಕಳಿಸಬೇಡಿ. ಸಾರು ತಣ್ಣಗಿದ್ದರೆ ಸಾರು ತಣ್ಣಗಿತ್ತು ಎನ್ನುವುದು ಸಾಕು.

ಇನ್ನು ಊರವರಾದ ನಮಗೆ. ಗಲ್ಲೆಯವರು ನಮ್ಮನ್ನು ಕಂಡೊಡನೆ ಒಳಗೆ ಕೂಗಿ ಹೇಳುತ್ತಾರೆ, ನಮ್ಮ ತಟ್ಟೆ ಮೊದಲು ಬರುತ್ತದೆ. ಇದು ಪ್ರೀತಿ, ಅಲ್ಲವೆನ್ನಲಾರೆ. ಆದರೆ ಪಕ್ಕದ ಮೇಜಿನಲ್ಲಿ ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಬಂದವರು ನಮಗಿಂತ ಮೊದಲು ಕೂತಿರುತ್ತಾರೆ. “ಅವರಿಗೆ ಮೊದಲು ಕೊಡಿ, ನಮಗೆ ಅವಸರವಿಲ್ಲ” ಎನ್ನಲು ನಮಗೆ ಖರ್ಚೇನು? ಹೋಟೆಲಿನವರು ತಾವಾಗಿ ಇದನ್ನು ಮಾಡಲಾರರು, ಪರಿಚಯದವರು ಬೇಸರಪಟ್ಟಾರು ಎಂಬ ಅಳುಕು ಅವರಿಗಿದೆ. ಆ ಅಳುಕನ್ನು ತೆಗೆಯುವುದು ನಮ್ಮಿಂದ ಮಾತ್ರ ಸಾಧ್ಯ.

ತಾಳ್ಮೆಗೆ ಒಂದು ಗಡಿಯೂ ಇದೆ. ಹಳಸಿದ ಮೀನು, ಕೊಳಕು ನೀರು, ಹೇಳಿದ್ದಕ್ಕಿಂತ ಹೆಚ್ಚು ಹಣ, ಇವನ್ನು ಮನೆಯ ಹೋಟೆಲು ಎಂದು ಬಿಡಬೇಕಾಗಿಲ್ಲ. ಬಿಡಲೂ ಬಾರದು. ಆಹಾರ ಸುರಕ್ಷತಾ ನೋಂದಣಿಯ 14 ಅಂಕೆಯ ಸಂಖ್ಯೆ ಹೋಟೆಲಿನಲ್ಲಿ ಕಾಣುವಂತೆ ಇರಬೇಕು. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಣ್ಣ ಹೋಟೆಲಿಗೂ ಅನ್ವಯಿಸುತ್ತದೆ. ಬಿಲ್ಲನ್ನು ಕೇಳಿ ಪಡೆಯಿರಿ, ಅದೇ ನಿಮ್ಮ ಸಾಕ್ಷಿ.

ಹೋಟೆಲು ನಡೆಸುವವರೂ ಇದನ್ನು ಓದುತ್ತಿದ್ದೀರಿ ಎಂದು ನಂಬಿ ಎರಡು ಮಾತು. ಬೆಂಗಳೂರಿನ ಎಂಟಿಆರ್ ಕಟ್ಟಿದ ಯಜ್ಞನಾರಾಯಣ ಮಯ್ಯರು ನಮ್ಮ ಕರಾವಳಿಯವರೇ. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ರೀತಿ ನೋಡಿ ಬಂದರು. ಬಂದವರು ಪಾತ್ರೆಗಳ ಶುಚಿಯಲ್ಲಿ ಹೊಸ ಶಿಸ್ತು ತಂದರು. ಹೋಟೆಲಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಗಿರಾಕಿಗಳಿಗೆ ಕರಪತ್ರವನ್ನೂ ಹಂಚಿದರು. ಮೇಜಿನ ಎರಡೂ ಬದಿಯವರು ಕಲಿಯಬೇಕಾದ್ದಿದೆ ಎಂದು ಅವರಿಗೆ ಅಷ್ಟು ಹಿಂದೆಯೇ ಹೊಳೆದಿತ್ತು.

ನೀವು ಯುರೋಪಿಗೆ ಹೋಗಬೇಕಾಗಿಲ್ಲ. ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು. ಇವತ್ತು ಯಾವ ಮೀನಿದೆ, ದರ ಎಷ್ಟು, ಬರೆಯಿರಿ. ಮುಗಿದದ್ದನ್ನು ಅಳಿಸಿ. ಮುಖ್ಯವಾಗಿ, ಬಂದವರನ್ನು ಕೂರಿಸುವಾಗಲೇ ಹೊತ್ತು ಹೇಳಿ. ತಡವಾಗುವುದನ್ನು ಜನ ಸಹಿಸುತ್ತಾರೆ. ಎಷ್ಟು ತಡ ಎಂದು ತಿಳಿಯದೇ ಕೂರುವುದನ್ನು ಸಹಿಸಲಾರರು. “ಶ್ಯಾವಿಗೆ ಈಗ ಒತ್ತುತ್ತಿದ್ದೇವೆ, ಅರ್ಧ ಗಂಟೆ ಆಗುತ್ತದೆ, ಕೂರುತ್ತೀರಾ?” ಎಂದು ಕೇಳಿದರೆ ಕೂರುವವರೇ ಹೆಚ್ಚು. ಮಗನೋ ಮಗಳೋ ಬಡಿಸುತ್ತಿದ್ದರೆ ಅವರ ಕೈಯಿಂದ ಮೊದಲು ನೀರು ಹೋಗಲಿ, ತಟ್ಟೆ ಆಮೇಲೆ ಹೋದರೂ ನಡೆಯುತ್ತದೆ.

ಮತ್ತೆ ಓದುಗರಲ್ಲಿ ಉಳಿದದ್ದು ಒಂದು ಕೋರಿಕೆ. ದೂರು ಹೇಳಿ ಬಂದ ಹೋಟೆಲಿಗೆ ಒಂದೆರಡು ತಿಂಗಳೊಳಗೆ ಇನ್ನೊಮ್ಮೆ ಹೋಗಿ. ಬದಲಾಗಿದ್ದರೆ ಗಲ್ಲೆಯವರಿಗೆ ಬದಲಾಗಿದೆ ಎಂದು ಹೇಳಿ. ಮೊಬೈಲಿನಲ್ಲಿ ಹಿಂದೆ ಬರೆದದ್ದನ್ನು ತಿದ್ದಿ. ಬದಲಾಗದಿದ್ದರೆ ಅದನ್ನೂ ಹೇಳಿ, ಮೊದಲಿನಷ್ಟೇ ಮೆತ್ತಗೆ. ದೂರದವರಾಗಿದ್ದು ಮತ್ತೆ ಬರಲು ಆಗದಿದ್ದರೆ ಈ ಕಡೆ ಹೊರಟ ನಿಮ್ಮ ನೆಂಟರಿಗೆ ಆ ಹೋಟೆಲಿನ ಹೆಸರು ಕೊಟ್ಟು, ಫೋನು ಮಾಡಿ ಹೋಗಲು ತಿಳಿಸಿ.