ಬಸವನಗುಡಿಯಲ್ಲಿ ಮನೆ ನೋಡ್ತಿದ್ದೀರಾ? ಇದನ್ನ ಓದಿ, ಆಮೇಲೆ ಅಡ್ವಾನ್ಸ್ ಕೊಡಿ

(1/7)

ಫೋಟೋದಲ್ಲಿರೋ ಗೇಟು ನೋಡಿ. ಉಳಿದಿರೋದು ಗೇಟು ಮಾತ್ರ. ಅದರ ಹಿಂದಿದ್ದ ಮನೆಯನ್ನ ಹೋದ ತಿಂಗಳು ಕೆಡವಿದರು. ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ, ಮುಂದೆ ಒಂದು ಸಂಪಿಗೆ ಮರ. ಪಕ್ಕದ ಓಣಿಯಲ್ಲಿ ಚಪ್ಪಲಿ ಸದ್ದು ಮಾಡ್ಕೊಂಡು ನಡೆದರೆ ಹಿಂದುಗಡೆ ಎರಡು ಬಾಡಿಗೆ ಪೋರ್ಶನ್. ಈಗ ಅಲ್ಲಿ ನೀಲಿ ಶೀಟು ಕಟ್ಟಿದ್ದಾರೆ. ಶೀಟಿನ ಮೇಲೆ ಬ್ಯಾನರು. ಬ್ಯಾನರಿನಲ್ಲಿ ಒಂದು ವೀಣೆ, ಒಂದು ಕಾಫಿ ಲೋಟ, ದೊಡ್ಡ ಬಸವಣ್ಣನ ಚಿತ್ರ. ನಗರದ ಸಾಂಸ್ಕೃತಿಕ ಹೃದಯದಲ್ಲಿ 3 ಬಿಎಚ್‌ಕೆ ಮನೆಗಳು ಅನ್ನೋ ಅರ್ಥದ ಸಾಲು, ಇಂಗ್ಲಿಷಿನಲ್ಲಿ. ಕನ್ನಡ ಒಂದಕ್ಷರ ಇಲ್ಲ.

ಹಿಂದಿನ ಆ ಪೋರ್ಶನ್ ಒಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ವೀಣೆ ಪಾಠ ಮಾಡ್ಕೊಂಡು ಒಬ್ಬ ಮೇಡಂ ಇದ್ದರು. ನನ್ನ ಅಕ್ಕ ಅವರ ಹತ್ತಿರ ಕಲಿತಳು. ನಾನು ಹೊರಗೆ ಕೂತು ಅಕ್ಕನ ತಪ್ಪು ಎಣಿಸುತ್ತಿದ್ದೆ. ಈಗ ವೀಣೆ ಬ್ಯಾನರಿಗೆ ಬಂತು. ವೀಣೆ ನುಡಿಸೋರು ತಲಘಟ್ಟಪುರಕ್ಕೆ ಹೋದರು.

ಬಸವನಗುಡಿ, ಗಾಂಧಿ ಬಜಾರ್, ಶಂಕರಪುರ, ಗವಿಪುರ ಅಂತ ಮನೆ ಹುಡುಕ್ತಾ ಇರೋ ನಿಮಗೇ ಈ ಏಳು ಪೋಸ್ಟ್. ಸ್ವಲ್ಪ ಬೈತೀನಿ, ಸಹಿಸ್ಕೊಳ್ಳಿ. ಕೊನೆಯಲ್ಲಿ ಒಂದು ಕೆಲಸಾನೂ ಕೊಡ್ತೀನಿ.

(2/7)

"ಆ ಏರಿಯಾದಲ್ಲಿ ಒಂದು ಕಲ್ಚರ್ ಇದೆ ಸಾರ್" ಅಂತ ಬ್ರೋಕರ್ ಹೇಳ್ತಾನೆ. ನೀವೂ ತಲೆಯಾಡಿಸ್ತೀರಿ. ಆ ಕಲ್ಚರ್ ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ದೀರಾ? ನೀರು, ಗಾಳಿಯಿಂದಲೇ ಬಂದಿರಬೇಕು ಅನ್ಕೊಂಡಿರ್ತೀರಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನ ಹೊರಗೆ ತರೋಕೆ, ಗಾಳಿ ಬೆಳಕು ಇರೋ ಹಾಗೆ ಅಗಲ ರಸ್ತೆ ಹಾಕಿ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಮಾಡಿದರು. ಗಾಯನ ಸಮಾಜ 1905ರದ್ದು. ನ್ಯಾಷನಲ್ ಹೈಸ್ಕೂಲು 1917. ವಿದ್ಯಾರ್ಥಿ ಭವನದ ದೋಸೆ ಕಲ್ಲು ಕಾದದ್ದು 1943ರಲ್ಲಿ. ಡಿವಿಜಿ ಗೋಖಲೆ ಸಂಸ್ಥೆ ಕಟ್ಟಿದ್ದು 1945, ಬಿ.ಪಿ. ವಾಡಿಯಾ ಅವರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕೂಡ ಅದೇ ವರ್ಷ. ಮಾಸ್ತಿ ಗವಿಪುರದಲ್ಲಿದ್ದರು. 1960ರಲ್ಲಿ ನಿಸಾರ್ ಅಹಮದರ ಮೊದಲ ಸಂಕಲನ ಬಂತು, ಹೆಸರೇ 'ಮನಸು ಗಾಂಧಿ ಬಜಾರು'.

ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಹೆರಿಟೇಜ್ ವಾಕ್‌ನಲ್ಲಿ ಹೇಳ್ತಾರೆ, ಈಗ ಫ್ಲ್ಯಾಟಿನ ಬ್ರೋಷರಿನಲ್ಲೂ ಹಾಕ್ತಾರೆ. ಯಾರೂ ಹೇಳದೇ ಇರೋದು ಒಂದಿದೆ. ಆ ಸಭೆಗಳ ಮಡಚೋ ಕುರ್ಚಿ ಮೇಲೆ ಕೂತವರು ಯಾರು?

ಬಾಡಿಗೆದಾರರು ಸ್ವಾಮಿ. ಎಲ್ಲರೂ ಅಲ್ಲದಿದ್ದರೂ ಬಹಳ ಮಂದಿ. ಮೇಷ್ಟ್ರು, ಗುಮಾಸ್ತರು, ಪ್ರೆಸ್ಸಿನಲ್ಲಿ ಪ್ರೂಫ್ ನೋಡೋರು, ಊರಿಂದ ಬಂದು ರೂಮು ಮಾಡಿಕೊಂಡ ಹುಡುಗರು, ಮೃದಂಗ ಹೆಗಲಿಗೆ ಹಾಕ್ಕೊಂಡು ನಾಲ್ಕು ಮನೆ ಪಾಠ ಸುತ್ತೋರು. ನಮ್ಮಪ್ಪ ಅದರಲ್ಲಿ ಒಬ್ಬರು. ಒಂದೂವರೆ ರೂಮಿನ ಪೋರ್ಶನ್, ಹೊರಗೆ ಬಚ್ಚಲು, ಮಾಲೀಕರ ಬಾವಿ. ಸಂಜೆ ಉಪನ್ಯಾಸ ಇದ್ದರೆ ಆಫೀಸಿಂದ ಬಂದು ಮುಖ ತೊಳ್ಕೊಂಡು ನಡೆದು ಹೋಗೋರು. ಕಛೇರಿ ಒಂಬತ್ತೂವರೆಗೆ ಮುಗಿದರೂ ಮನೆಗೆ ಹತ್ತು ನಿಮಿಷ. ದಾರೀಲಿ ಆ ತನಿ ಆವರ್ತನದ ಬಗ್ಗೆ ಜಗಳ. ಮನೆಗೆ ಬಂದ ಮೇಲೂ ಅದೇ ಜಗಳ, ಅಮ್ಮನ ಜೊತೆ.

ಹತ್ತು ನಿಮಿಷದ ಆ ನಡಿಗೆಯೇ ನಿಮ್ಮ ಬ್ರೋಕರ್ ಹೇಳೋ ಕಲ್ಚರ್. ಅದು ಹುಟ್ಟಿದ್ದು ಕಡಿಮೆ ಬಾಡಿಗೆಯಲ್ಲಿ.

(3/7)

ಇವತ್ತು ಬರೀ ಲೆಕ್ಕ. ಫೋಟೋ ಇಲ್ಲ, ಕ್ಯಾಲ್ಕ್ಯುಲೇಟರ್ ತೆಗೀರಿ.

60×80 ಸೈಟು ಅನ್ಕೊಳ್ಳಿ. 4800 ಚದರಡಿ. ಹಳೇ ಮನೆಯಲ್ಲಿ ಮಾಲೀಕರು, ಹಿಂದೆ ಎರಡು ಪೋರ್ಶನ್, ಮೇಲೆ ಒಂದು ರೂಮು. ನಾಲ್ಕು ಸಂಸಾರ, ನಾಲ್ಕು ಥರದ ವರಮಾನ. ಈಗ ಅದೇ ಸೈಟಿನಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು. ಎಂಟು ಮನೆ. ಕೋಟಿಗಳ ಲೆಕ್ಕ. ಎಂಟು ಸಂಸಾರ, ಒಂದೇ ಥರದ ವರಮಾನ.

"ಮನೆ ಜಾಸ್ತಿ ಆದ್ರೆ ಊರಿಗೆ ಒಳ್ಳೇದಲ್ವಾ?" ಅಂತ ಹೋದ ಸಲ ಒಬ್ಬರು ಕಮೆಂಟ್ ಹಾಕಿದ್ರು. ಒಳ್ಳೇ ಪ್ರಶ್ನೆ. ಎಂಟರಲ್ಲಿ ಒಂದಾದ್ರೂ ಪಾಠ ಹೇಳೋರಿಗೆ ಎಟುಕೋ ಹಾಗಿದ್ದರೆ ನಾನು ಬಾಯಿ ಮುಚ್ಕೋತಿದ್ದೆ. ಮನೆ ನಾಲ್ಕರಿಂದ ಎಂಟಾಯ್ತು, ಮೇಷ್ಟ್ರಿಗೆ ಸಿಗೋ ಮನೆ ಎರಡರಿಂದ ಸೊನ್ನೆ ಆಯ್ತು.

ಕಲ್ಚರಿನ ಗೊಡವೆ ನಿಮಗೆ ಬೇಡ ಅಂದ್ರೂ ನಿಮ್ಮ ದುಡ್ಡಿನ ಗೊಡವೆ ಬೇಕಲ್ಲ, ಅದಕ್ಕೆ ಕೇಳಿ. 4800 ಚದರಡಿ ಅಂದ್ರೆ ಸುಮಾರು 446 ಚದರ ಮೀಟರು. ರೇರಾ ಕಾಯ್ದೆ ಪ್ರಕಾರ ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಮನೆಗಳು ಎಂಟು ದಾಟದಿದ್ದರೆ, ಆ ಪ್ರಾಜೆಕ್ಟ್ ನೋಂದಣಿ ಆಗಬೇಕಿಲ್ಲ. ಈ ಅಡ್ಡರಸ್ತೆಗಳಲ್ಲಿ ಹಳೇ ಮನೆ ಕೆಡವಿ ಎದ್ದಿರೋ ಕಟ್ಟಡಗಳನ್ನ ನಡ್ಕೊಂಡು ಹೋಗಿ ಎಣಿಸಿ, ಎಷ್ಟು ಕಡೆ ಸರಿಯಾಗಿ ಎಂಟಕ್ಕೇ ನಿಂತಿದೆ ಅಂತ ನಿಮಗೇ ಗೊತ್ತಾಗುತ್ತೆ. ಹೊರವಲಯದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ತಗೊಂಡೋರಿಗೆ ಇರೋ ರೇರಾ ವೆಬ್‌ಸೈಟಿನ ಮಾಹಿತಿ ಇಲ್ಲಿ ನಿಮಗೆ ಸಿಗಲ್ಲ. ಋಣಭಾರ ಪತ್ರ, ಖಾತೆ, ಮಂಜೂರಾದ ಪ್ಲಾನು, ಸ್ವಾಧೀನಾನುಭವ ಪತ್ರ ಎಲ್ಲಾ ನೀವೇ ವಕೀಲರನ್ನ ಹಿಡಿದು ನೋಡಿಸ್ಕೋಬೇಕು. ಭೂಮಿಯಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಅಂತ ಕ್ರಯಪತ್ರದಲ್ಲಿ ಅಂಕಿಯಲ್ಲಿ ಬರೆಸಿ. ಎಂಟಕ್ಕೆ ಸಮ ಹಂಚಿದ್ರೆ 600 ಚದರಡಿ. ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದು ಯಾರ ಹೆಸರಲ್ಲಿದೆ ಅಂತ ಕೇಳಿ. ಶೇ 5ರ ಮುದ್ರಾಂಕ ಶುಲ್ಕ ಕಟ್ಟೋದು ನೀವು, ಸಂಕೋಚ ಬೇಡ.

(4/7)

ಫೋಟೋದಲ್ಲಿರೋದು ಬಚ್ಚಲ ಗೋಡೆಯ ಬಿರುಕು. ಇನ್ನೂ ಬಿದ್ದಿಲ್ಲದ ಒಂದು ಮನೆ.

ಮಾಲೀಕರನ್ನ ಖಳನಾಯಕರು ಮಾಡಬೇಡಿ ಅಂತ ಈ ಪೋಸ್ಟು. ಎಪ್ಪತ್ತೆಂಟರ ರಾಯರು, ಮಂಡಿ ನೋವಿನ ಅವರ ಹೆಂಡತಿ. ಮಳೆಗಾಲದಲ್ಲಿ ತಾರಸಿ ಸೋರುತ್ತೆ. ಸುಣ್ಣದ ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿ ಸಿಗಲ್ಲ, ಸಿಕ್ಕವನು ಸಿಮೆಂಟು ಬಳಿದು ಹೋಗ್ತಾನೆ, ಮುಂದಿನ ವರ್ಷ ಇನ್ನೂ ಜಾಸ್ತಿ ಸೋರುತ್ತೆ. ಮಗ ನ್ಯೂಜೆರ್ಸಿ, ಮಗಳು ಪುಣೆ. ಮನೆ ಅಪ್ಪನ ಕಾಲದ್ದು, ಐದು ಜನ ಅಣ್ಣತಮ್ಮಂದಿರ ಪಾಲು. ಜಂತೆಯನ್ನ ಐದು ಭಾಗ ಮಾಡೋಕಾಗುತ್ತಾ? ಬಿಲ್ಡರ್ ಬಂದು, ನಿಮಗೆ ಮೂರು ಫ್ಲ್ಯಾಟು, ಕಟ್ಟೋವರೆಗೂ ಬಾಡಿಗೆ, ಲಿಫ್ಟು ಅಂದಾಗ ಅವರು ಒಪ್ಪಿಕೊಂಡ್ರು. ನಾನಾಗಿದ್ರೂ ಒಪ್ತಿದ್ದೆ.

ಲಿಫ್ಟ್ ಬೇಡ, ಸೋರೋ ಮನೆಯಲ್ಲೇ ಇರಿ, ನಮಗೆ ಫೋಟೋ ತೆಗೆಯೋಕೆ ಚೆನ್ನಾಗಿರುತ್ತೆ ಅಂತ ಅವರಿಗೆ ಹೇಳೋಕೆ ಯಾವ ಬಾಯಿ ಇದೆ ನಮಗೆ? ಜಂತೆ, ಕಂಬ, ಮಂಕಿ ಟಾಪ್ ಅಂತ ಇದೇ ಆ್ಯಪ್‌ನಲ್ಲಿ ನಾವೆಲ್ಲ ಲೈಕ್ ಒತ್ತೋರು. ಆ ಮನೆ ಬೀಳೋ ದಿನ ಅಳೋ ಎಮೋಜಿ ಹಾಕೋರೂ ನಾವೇ. ನಡುವೆ ಒಂದು ಹೆಂಚು ಬದಲಾಯಿಸಿ ಕೊಟ್ಟಿದ್ದಿಲ್ಲ.

(5/7)

ಇದು ಕೆಲವರಿಗೆ ಇಷ್ಟ ಆಗಲ್ಲ.

ಹಳೇ ಬಸವನಗುಡಿ ಸ್ವರ್ಗ ಆಗಿರ್ಲಿಲ್ಲ. ಪೋರ್ಶನ್ ಖಾಲಿ ಇದೆ ಅನ್ನೋ ಬೋರ್ಡಿನ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಇರ್ತಿತ್ತು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಬೋರ್ಡಿನಲ್ಲಿ ಬರೆಯದಿದ್ದರೆ ಬಾಗಿಲಲ್ಲಿ ನಿಲ್ಲಿಸಿ ಕೇಳೋರು, "ನಿಮ್ಮದು ಯಾವ ಪೈಕಿ?" ನಮ್ಮನೆಗೆ ಆ ಪೋರ್ಶನ್ ಸಿಕ್ಕಿದ್ದೂ ಆ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರದಿಂದಲೇ. ಅದನ್ನ ಮುಚ್ಚಿಟ್ಟು ನಾನು ಹಳೇ ಕಾಲದ ಹಾಡು ಹಾಡಿದ್ರೆ ಸುಳ್ಳಾಗುತ್ತೆ.

ಆದ್ರೆ ಹೊಸ ಫ್ಲ್ಯಾಟುಗಳು ಆ ಬೋರ್ಡನ್ನ ತೆಗೆದವಾ? ಫೋನ್ ಮಾಡಿ ನೋಡಿ. "ಓನ್ಲಿ ವೆಜ್ ಫ್ಯಾಮಿಲಿ ಸಾರ್, ಅಸೋಸಿಯೇಷನ್ ರೂಲು." ಹಳೇ ಕಾಲದ ಕಡಿಮೆ ಬಾಡಿಗೆ ಹೋಯ್ತು, ಹಳೇ ಕಾಲದ ಸಣ್ಣಬುದ್ಧಿ ಲಿಫ್ಟ್ ಹತ್ತಿ ಮೇಲೆ ಬಂತು. 'ಮನಸು ಗಾಂಧಿ ಬಜಾರು' ಅಂತ ನಿಮ್ಮ ಲಾಬಿಯ ಗೋಡೆ ಮೇಲೆ ಚೆಂದದ ಅಕ್ಷರದಲ್ಲಿ ಬರೆಸ್ತೀರಿ. ಆ ಕವಿಯ ಹೆಸರಿನಂಥದೇ ಹೆಸರಿನವರು ಬಾಡಿಗೆ ಕೇಳ್ಕೊಂಡು ಬಂದ್ರೆ ಬಾಗಿಲು ತೆಗೀತೀರಾ? ಕಮೆಂಟಿನಲ್ಲಿ ಉತ್ತರ ಬೇಡ, ನಿಮಗೆ ನೀವು ಹೇಳ್ಕೊಳ್ಳಿ.

(6/7)

ಫೋಟೋ: ಬುಲ್ ಟೆಂಪಲ್ ರಸ್ತೆ, ಪರಿಷೆ ರಾತ್ರಿ. ಕೈ ಅಲ್ಲಾಡಿದೆ, ಕ್ಷಮಿಸಿ, ಇನ್ನೊಂದು ಕೈಯಲ್ಲಿ ಕಡಲೆಕಾಯಿ ಇತ್ತು.

ಕಾರ್ತಿಕದ ಕೊನೇ ಸೋಮವಾರದ ಈ ಪರಿಷೆಗೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ರೈತರ ಕಥೆ ಇದೆ. ಬಸವ ಬೆಳೆ ಮೇಯ್ದನಂತೆ, ಮೊದಲ ಬೆಳೆ ನಿನಗೇ ಅಂತ ಒಪ್ಪಿಸಿದರಂತೆ. ಪ್ಲೇಗ್ ಬರೋಕೆ ಮುಂಚೆ, ಬಡಾವಣೆ ಆಗೋಕೆ ಮುಂಚೆ ಇಲ್ಲಿ ಹೊಲ ಇತ್ತು ಅನ್ನೋದಕ್ಕೆ ಉಳಿದಿರೋ ನೆನಪು ಅದು. ಪರಿಷೆ ಹತ್ತಿರ ಮನೆ ಅಂತ ಬ್ರೋಷರ್ ನೋಡಿ ತಗೊಂಡೋರು, ಮನೆಗೆ ಬಂದ ಮೊದಲ ಕಾರ್ತಿಕದಲ್ಲೇ ಪೊಲೀಸರಿಗೆ ಫೋನ್ ಮಾಡ್ತಾರೆ: ಪೀಪಿ ಊದ್ತಿದ್ದಾರೆ, ಕಾರು ತೆಗೆಯೋಕಾಗ್ತಿಲ್ಲ.

ಪರಿಷೆಗೇನೂ ಆಗಲ್ಲ ಬಿಡಿ. ಅದು ನಿಮಗಿಂತ ಗಟ್ಟಿ. ನನಗೆ ಭಯ ಇರೋದು ಸಣ್ಣ ಸದ್ದಿನ ಬಗ್ಗೆ.

ವೀಣೆ ಮೇಡಂ ತಲಘಟ್ಟಪುರಕ್ಕೆ ಹೋದ ಮೇಲೂ ಪಾಠ ಬಿಟ್ಟಿಲ್ಲ. ಮಕ್ಕಳು ಅಷ್ಟು ದೂರ ಹೋಗಲ್ಲ ಅಂತ ತಾವೇ ಬರ್ತಾರೆ, ವಾರಕ್ಕೆರಡು ದಿನ, ಹಸಿರು ಮೆಟ್ರೋದಲ್ಲಿ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಆಟೋ. ಪಕ್ಕದ ಕ್ರಾಸಿನ ಒಂದು ಫ್ಲ್ಯಾಟಿನವರು, ಪುಣ್ಯಾತ್ಮರು, ತಮ್ಮ ಹಾಲ್ ಬಿಟ್ಟುಕೊಟ್ಟರು. ಸಂಜೆ ಐದರಿಂದ ಏಳು, ನಾಲ್ಕು ಮಕ್ಕಳು. ಎರಡು ತಿಂಗಳು ನಡೀತು. ಆಮೇಲೆ ಅಸೋಸಿಯೇಷನ್ನಿನಿಂದ ಕಾಗದ: ವಾಸದ ಮನೆಯಲ್ಲಿ ವಾಣಿಜ್ಯ ಚಟುವಟಿಕೆಗೆ ಅವಕಾಶ ಇಲ್ಲ, ಹೊರಗಿನವರ ಚಪ್ಪಲಿ ಕಾರಿಡಾರಿನಲ್ಲಿ ಬಿಡ್ತಿದ್ದಾರೆ.

ಚಪ್ಪಲಿ. ನಾಲ್ಕು ಜೊತೆ ಮಕ್ಕಳ ಚಪ್ಪಲಿ.

ಆ ಕಟ್ಟಡದ ಹೆಸರಿನಲ್ಲೊಂದು ರಾಗದ ಹೆಸರಿದೆ, ಹೇಳಲ್ಲ ಯಾವುದು ಅಂತ.

"ಕಾನೂನು ತರಬೇಕು" ಅಂತೀರಿ. ತರಲಿ. ನ್ಯೂಯಾರ್ಕಿನ ಸೋಹೋದಲ್ಲಿ ಖಾಲಿ ಬಿದ್ದ ಕಾರ್ಖಾನೆ ಮಾಳಿಗೆಗಳಲ್ಲಿ ಕಲಾವಿದರು ಕದ್ದು ವಾಸ ಮಾಡ್ತಿದ್ದಾಗ, 1971ರಲ್ಲಿ ನಗರಾಡಳಿತ ಕಲಾವಿದರಿಗೆ ಅಂತಲೇ ನಿಯಮ ಮಾಡಿತು. ಸರ್ಟಿಫಿಕೇಟ್ ಇರೋ ಕಲಾವಿದರು ಅಲ್ಲೇ ಇದ್ದು ಕೆಲಸ ಮಾಡಬಹುದು. 1973ರಲ್ಲಿ ಇಡೀ ಭಾಗವನ್ನ ಐತಿಹಾಸಿಕ ಪ್ರದೇಶ ಅಂತ ಘೋಷಿಸಿದರು. ಎರಕದ ಕಬ್ಬಿಣದ ಮುಂಭಾಗಗಳು ಇವತ್ತೂ ಹಾಗೇ ಇವೆ. ಒಳಗೆ ಬಟ್ಟೆ, ಚಪ್ಪಲಿ ಬ್ರ್ಯಾಂಡುಗಳ ಅಂಗಡಿ, ಮೇಲೆ ಕೋಟ್ಯಧೀಶರ ಮನೆ. ಕಂಬ ಉಳಿಸಿದ ಕಾನೂನಿಗೆ ಬಣ್ಣ ಬಳಿಯೋರನ್ನ ಉಳಿಸೋಕಾಗಲಿಲ್ಲ. ಇದು ನನ್ನನ್ನ ಬಹಳ ಕಾಡುತ್ತೆ, ಯಾಕಂದ್ರೆ ನಮ್ಮಲ್ಲಿ ಹೆರಿಟೇಜ್ ಮಾತು ಶುರುವಾದ್ರೆ ಕಂಬದಲ್ಲೇ ಮುಗಿಯುತ್ತೆ.

(7/7)

ಹಾಗಾದ್ರೆ ಮನೆ ತಗೋಬಾರದಾ? ತಗೊಳ್ಳಿ. ಯಾರೋ ತಗೋತಾರೆ, ಈ ಕಟುಮಾತು ಓದಿದ ನೀವೇ ತಗೊಂಡ್ರೆ ವಾಸಿ.

ಹಳೇ ಅಪಾರ್ಟ್‌ಮೆಂಟಿನಲ್ಲಿ ಮರುಮಾರಾಟಕ್ಕೆ ಬಂದದ್ದು ಮೊದಲು ನೋಡಿ. ಅದಕ್ಕಾಗಿ ಹೊಸದಾಗಿ ಯಾವ ಮನೆಯೂ ಬೀಳಬೇಕಿಲ್ಲ. ಸ್ವಂತ ಮನೆಯೇ ತಗೊಳ್ಳೋ ಶಕ್ತಿ ಇದ್ದರೆ ಔಟ್‌ಹೌಸ್ ಕೆಡವಿ ಹೋಮ್ ಥಿಯೇಟರ್ ಮಾಡಬೇಡಿ. ರಿಪೇರಿ ಮಾಡಿಸಿ, ಕೈಗೆಟುಕೋ ಬಾಡಿಗೆಗೆ ಒಬ್ಬ ಪಾಠ ಹೇಳೋರಿಗೆ, ಬರೆಯೋರಿಗೆ, ನಾಟಕದ ಹುಡುಗರಿಗೆ ಕೊಡಿ, ಯಾವ ಪೈಕಿ ಅಂತ ಕೇಳದೆ. ನಷ್ಟ ಆಗುತ್ತೆ, ಹೌದು. ಆ ನಷ್ಟಕ್ಕೇ ಕಲ್ಚರ್ ಅಂತಾರೆ, ಅದಕ್ಕೇ ನೀವು ಚದರಡಿಗೆ ಅಷ್ಟು ಕೊಡ್ತಿರೋದು. ಹೊಸದಾಗಿ ಕಟ್ಟಿಸೋರಾದ್ರೆ ಕೆಳಗೆ ಎಲ್ಲವನ್ನೂ ಕಾರಿಗೇ ಬಿಡಬೇಡಿ, ಪ್ಲಾನು ಮಾಡೋವಾಗಲೇ ಒಂದು ಸಣ್ಣ ಪೋರ್ಶನ್ ಕೇಳಿ.

ಈಗಾಗಲೇ ತಗೊಂಡಾಗಿದೆ ಅನ್ನೋರಿಗೆ, ಮೊದಲ ಪೋಸ್ಟ್‌ನಲ್ಲಿ ಹೇಳಿದ ಕೆಲಸ. ನಿಮ್ಮ ಅಸೋಸಿಯೇಷನ್ನಿನ ಬೈಲಾ ಬೀರುವಿನಲ್ಲಿ ಎಲ್ಲೋ ಇರುತ್ತೆ, ಕ್ರಯಪತ್ರದ ಜೊತೆಗೇ. ತೆಗೆದು ನೋಡಿ. 'ವಾಣಿಜ್ಯ ಚಟುವಟಿಕೆ' ಅನ್ನೋ ಕಡೆ, ಮನೆಯಲ್ಲಿ ನಡೆಸೋ ಸಂಗೀತ, ನೃತ್ಯ, ಭಾಷೆಯ ಪಾಠ ಇದಕ್ಕೆ ಸೇರಲ್ಲ ಅಂತ ಒಂದು ಸಾಲು ಸೇರಿಸೋಕೆ ಮುಂದಿನ ಸಭೆಯಲ್ಲಿ ಕೇಳಿ. ಕೈ ಎತ್ತೋಕೆ ಇನ್ನೊಬ್ಬರನ್ನ ಮೊದಲೇ ಮಾತಾಡಿಸಿಟ್ಟುಕೊಳ್ಳಿ.

ರಾಗದ ಹೆಸರಿನ ಆ ಕಟ್ಟಡದ ಸಭೆ ಈ ಭಾನುವಾರ ಹತ್ತೂವರೆಗೆ, ಪಾರ್ಕಿಂಗ್‌ನಲ್ಲಿ. ನಾನು ಹೋಗೋ ಹಾಗಿಲ್ಲ, ಈಗಲೂ ಬಾಡಿಗೆದಾರ, ಅದೂ ಬೇರೆ ರಸ್ತೆಯಲ್ಲಿ. ಎಂಟು ಮನೆ, ಎಂಟು ವೋಟು. ಹಾಲ್ ಬಿಟ್ಟುಕೊಟ್ಟವರ ಕಡೆ ಇಲ್ಲಿವರೆಗೆ ಮೂರಿದೆ. ಉಳಿದ ಐದರಲ್ಲಿ ನೀವೊಬ್ಬರು ಈ ಅಕೌಂಟ್ ಫಾಲೋ ಮಾಡ್ತೀರಿ ಅಂತ ನನಗೆ ಗೊತ್ತು. ಹೋದ ವಾರ ಸಂಪಿಗೆ ಮರದ ಫೋಟೋಗೆ ಹಾರ್ಟ್ ಒತ್ತಿದ್ದೀರಿ.

#ಬಸವನಗುಡಿ #ಗಾಂಧಿಬಜಾರ್ #ಹಿಂದಿನಪೋರ್ಶನ್