ಆ ಫೋನು ಯಾರ ಕೈಯಲ್ಲಿದೆ?

ಬರಗೂರಿನ ಕಡೆ ಗಂಡಸು ಮಂಕಾಗಿ ಕೂತರೆ ‘ಸಾಲದ ಚಿಂತೆ’ ಅನ್ನುತ್ತಾರೆ. ಹೆಂಗಸು ಕೂತರೆ ‘ಗಾಳಿ ಸೋಕಿದೆ’ ಅಂತ ತಾಯತ ಕಟ್ಟಿಸುತ್ತಾರೆ. ಬಾಣಂತಿ ಮಗುವನ್ನೆತ್ತದೆ ಗೋಡೆ ನೋಡುತ್ತಿದ್ದರೆ ‘ಕೊಬ್ಬು’ ಎನ್ನುವವರೂ ಉಂಟು. (ನಾನೂ ಒಮ್ಮೆ ಅಂದವಳೇ.)

ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿಗೂ ಮದ್ದು ಕೊಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟರು. ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2017ರ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿತು. ಸಾಯಹೊರಟು ಉಳಿದವಳನ್ನು ಶಿಕ್ಷಿಸಬೇಡಿ, ಆರೈಕೆ ಮಾಡಿ ಎಂದಿತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲೂ ರಾತ್ರಿಯೂ, ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡಬಹುದು.

ಸರಿ. ಆದರೆ ಎಷ್ಟೋ ಮನೆಗಳಲ್ಲಿ ಇರುವ ಒಂದೇ ಮೊಬೈಲು ಗಂಡನ ಜೇಬಿನಲ್ಲಿದೆ. ನಡುಮನೆಯಲ್ಲಿ ಅತ್ತೆ ಕೂತಿರುವಾಗ ಎದೆಯೊಳಗಿನದನ್ನು ಹೇಗಮ್ಮಾ ಹೇಳುವುದು? ತುಮಕೂರಿಗೆ ಹೋಗೋಣವೆಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಮೇಲೆ ‘ಎಲ್ಲಿಗೆ, ಯಾಕೆ’ ಎಂಬ ಹತ್ತು ಪ್ರಶ್ನೆ. ನಂಬರು ಕೊಟ್ಟು ಕೈತೊಳೆದುಕೊಂಡರೆ ಆಯಿತೇ? ಬಿಪಿ, ಸಕ್ಕರೆ ನೋಡುವಲ್ಲೇ ಮನಸ್ಸನ್ನೂ ವಿಚಾರಿಸುವ ಒಬ್ಬ ಹೆಣ್ಣುಮಗಳು ಕೂತಿರಲಿ; ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ ಇರಲಿ. ಗ್ರಾಮಸಭೆಯಲ್ಲಿ ಚರಂಡಿಗೆ, ಬೀದಿದೀಪಕ್ಕೆ ಜಗಳವಾಡುವ ನಾವು ಇದನ್ನು ಯಾಕೆ ಇನ್ನೂ ಕೇಳಿಲ್ಲ?