ತಪ್ಪುವ ಆ ಒಂದು ಸಾಲು

"ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ತಪ್ಪಾಗಿಯೇ ಹಾಡುತ್ತ ಹೋದರೆ ಆ ತಪ್ಪೇ ಗಟ್ಟಿಯಾಗುತ್ತದೆ. ಶಾಲಾ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಮಕ್ಕಳ ಬಗ್ಗೆ ನಾವು ಹೇಳಬೇಕೆಂದಿರುವುದು ಇದನ್ನೇ.

ಆಗಸ್ಟ್ 15, ಗೋವಾ ವಿಮೋಚನೆಯ ಡಿಸೆಂಬರ್ 19, ಜನವರಿ 26 ಹತ್ತಿರ ಬಂದರೆ ತಾಲೀಮು ಶುರು. ನಡುವೆ ಎಲ್ಲೋ ಒಂದು ಸ್ವರ ಒಡೆಯುತ್ತದೆ. ತಕ್ಷಣ "ಮತ್ತೆ ಮೊದಲಿನಿಂದ" ಎಂಬ ಆಜ್ಞೆ. ಬರುವ ಭಾಗವನ್ನೇ ಹತ್ತು ಸಲ ಊದಿ, ಬಾರದ ಭಾಗಕ್ಕೆ ಬರುವಷ್ಟರಲ್ಲಿ ಮಗುವಿನ ತುಟಿ ಸೋತಿರುತ್ತದೆ. 17ರ ಮಗ್ಗಿಯಲ್ಲಿ ತಡವರಿಸುವ ಮಗುವಿಗೆ ನಾವು 2ರ ಮಗ್ಗಿಯಿಂದ ಹೇಳಿಸುತ್ತೇವೆಯೇ?

ಟ್ರಂಪೆಟ್ಟಿಗೆ ಇರುವುದು ಮೂರೇ ಗುಂಡಿ. ಒಂದೇ ಬೆರಳಿಗೆ ಹಲವು ಸ್ವರ ಬರುತ್ತವೆ. ಯಾವುದು ಬರಬೇಕೆಂದು ತೀರ್ಮಾನಿಸುವುದು ತುಟಿ ಮತ್ತು ಉಸಿರು. ಬ್ಯೂಗಲ್ಲಿಗಂತೂ ಗುಂಡಿಯೇ ಇಲ್ಲ. ಆದ್ದರಿಂದ ಸ್ವರ ಮೊದಲು ಮಗುವಿನ ಕಿವಿಯಲ್ಲಿ ಕೂರಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚ್ ಶಾಲೆಗಳು ಸ್ವರ ಓದಿ ಹಾಡುವ ಸೊಲ್ಫೇಜೊ ಕಲಿಸುತ್ತಿದ್ದವು. ನಮ್ಮ ಕರ್ನಾಟಕ ಸಂಗೀತದಲ್ಲೂ ಸರಳೆ ವರಸೆಯನ್ನು ಮೊದಲು ನಿಧಾನಕ್ಕೆ ಹಾಡಿಸಿ, ಆಮೇಲೆ ಎರಡನೇ, ಮೂರನೇ ಕಾಲಕ್ಕೆ ಏರಿಸುತ್ತಾರೆ.

ಇದೇ ದಾರಿ ಬ್ಯಾಂಡಿಗೂ ಸಾಕು. ತಪ್ಪುವ ಸಾಲನ್ನಷ್ಟೇ ಬೇರೆ ತೆಗೆಯಿರಿ. ಬಾಯಲ್ಲಿ ಹಾಡಿಸಿ. ಊದದೆ ಬೆರಳಷ್ಟೇ ಆಡಿಸಲು ಹೇಳಿ. ನಂತರ ತಪ್ಪದಷ್ಟು ನಿಧಾನವಾಗಿ ಊದಿಸಿ. ಸತತ ಮೂರು ಸಲ ಸರಿ ಬಂದರೆ ವೇಗ ತುಸು ಹೆಚ್ಚಿಸಿ. ಕೊನೆಗೆ ಹಿಂದಿನ, ಮುಂದಿನ ಸಾಲುಗಳೊಂದಿಗೆ ಜೋಡಿಸಿ. ಊದಿದಷ್ಟೇ ಹೊತ್ತು ವಿಶ್ರಾಂತಿ ಕೊಡಿ. ಮೇಲಿನ ಸ್ವರಕ್ಕಾಗಿ ವಾದ್ಯವನ್ನು ತುಟಿಗೆ ಒತ್ತಿ ಹಿಡಿಯಲು ಬಿಡಬೇಡಿ.

ಮಂಗೋರ್ ಹಿಲ್ಲಿನ ಒತ್ತೊತ್ತಾದ ಮನೆಗಳಲ್ಲಿ ಸಂಜೆ ಟ್ರಂಪೆಟ್ ಊದಿದರೆ ನೆರೆಯವರು ಸುಮ್ಮನಿರುತ್ತಾರೆಯೇ? ಆದರೆ ಹಾಡುವುದಕ್ಕೆ, ಬೆರಳಾಡಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಊದಲು ಶಾಲೆ ದಿನಕ್ಕೆ 15 ನಿಮಿಷ ಕೊಟ್ಟರೆ ಸಾಕು.

ದುಡಿಯಲು ಬಂದವರ ಮಕ್ಕಳಿಗೆ ಇದೆಲ್ಲ ಎಲ್ಲಿ ಬರಬೇಕು ಎನ್ನುವವರಿದ್ದಾರೆ. ಒಂದು ಸಾಲು ತಪ್ಪಿತೆಂದು ಮಗುವಿನ ಕೈಯಿಂದ ವಾದ್ಯ ಕಿತ್ತುಕೊಂಡರೆ ಆ ಮಾತನ್ನು ನಾವೇ ನಿಜ ಮಾಡಿದಂತೆ. ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನಿಗೆ ಮನಸೋತ ಕದ್ರಿ ಗೋಪಾಲನಾಥ್ (1949–2019) ವರ್ಷಗಟ್ಟಲೆ ಸಾಧನೆ ಮಾಡಿಯೇ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅವರೂ ನಮ್ಮ ಕನ್ನಡ ನಾಡಿನ ಮಗುವೇ.

ಶಿಕ್ಷಕ ಬಂಧುಗಳೇ, ಪಾಲಕರೇ, ಮಗುವನ್ನು ಸಾಲಿನಿಂದ ತೆಗೆಯುವ ಮುನ್ನ ತಪ್ಪುವ ಸಾಲನ್ನು ಹುಡುಕೋಣ.